ಗಿರಣಿ ಮೋಟಾರು, ಮನೆಯ ಕರೆಂಟು

ಸಂಘದ ಸಾಲ ತಗೊಂಡು ಹಿಟ್ಟಿನ ಗಿರಣಿ ಹಾಕ್ತೀರಾ ಅಕ್ಕಾ? ಮೊದಲು ಮೋಟಾರಿನ ಮೇಲಿನ ತಗಡು ಓದಿ. ಈಗ ಓದೋಕೆ ಬರುತ್ತಲ್ಲ!

ಮನೆಗೆ ಬರೋದು ಸಿಂಗಲ್ ಫೇಸ್, 230 ವೋಲ್ಟ್. ತಗಡಿನ ಮೇಲೆ '3 ಫೇಸ್, 415 ವೋಲ್ಟ್' ಎಂದಿದ್ದರೆ ಮನೆಯ ತಂತಿಗೆ ನೇರವಾಗಿ ಕೊಡಬೇಡಿ. ಮೋಟಾರು ತಿರುಗದೆ ಗುಂಯ್ ಎನ್ನುತ್ತದೆ. ಒಳಗಿನ ಸುರುಳಿ ಕಾದು ಸುಡುತ್ತದೆ. ಸಾಲದ ಕಂತು ಮಾತ್ರ ನಿಲ್ಲೋದಿಲ್ಲ.

'ಡ್ರೈವ್' ಎಂಬ ಪೆಟ್ಟಿಗೆ ಸಿಗುತ್ತದೆ. ಅದು ಒಂದು ಫೇಸನ್ನು ಮೂರು ಮಾಡುತ್ತದೆ. ಆದರೆ ಸಾಮಾನ್ಯ ಡ್ರೈವ್ ವೋಲ್ಟ್ ಏರಿಸುವುದಿಲ್ಲ. 230 ಕೊಟ್ಟರೆ 230 ಅಷ್ಟೇ. 415ರ ಮೋಟಾರಿಗೆ ಅದು ಸಾಲದು; ರಾಗಿ ಸುರಿದ ಕೂಡಲೇ ಸೋಲುತ್ತದೆ.

ತಗಡಿನಲ್ಲಿ '240/415' ಎಂದು ಎರಡೂ ಅಂಕಿ ಇದೆಯಾ? ಹಾಗಾದರೆ ತಂತಿಗಳನ್ನು ಸ್ಟಾರಿನಿಂದ ಡೆಲ್ಟಾಕ್ಕೆ ಬದಲಿಸಿ ಡ್ರೈವ್ ಕೊಡಬಹುದು. ಆ ಕೆಲಸ ಲೈಸೆನ್ಸ್ ಇರುವ ವೈರ್‌ಮನ್ ಮಾಡಲಿ. ಹೊಸದೇ ಕೊಳ್ಳೋದಾದರೆ ಸಿಂಗಲ್ ಫೇಸ್ ಮೋಟಾರು ಕೇಳಿ. ಅದಕ್ಕೆ ಪೆಟ್ಟಿಗೆಯೇ ಬೇಡ.