ಕೊರಮೀನು ಇರುವ ದಡ

ತೆಪ್ಪದಲ್ಲಿ ಕೂತು ಕೊರಮೀನಿಗೆ ಗಾಳ ಹಾಕಬೇಕೆಂದರೆ ಮೊದಲು ಕೆರೆಯ ತಳ ಗೊತ್ತಿರಬೇಕು. ಅನುಗೊಂಡನಹಳ್ಳಿ ಸುತ್ತಿನ ನಮ್ಮ ಕೆರೆಗಳ ಲೆಕ್ಕ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಏರಿ, ಏರಿಯ ಬುಡದಲ್ಲಿ ಆಳ, ಅಲ್ಲೇ ತೂಬು. ಅಲ್ಲಿಂದ ಹಿಂದಕ್ಕೆ ಹೋದ ಹಾಗೆಲ್ಲ ನೀರು ಇಳಿಯುತ್ತ ಇಳಿಯುತ್ತ ಮೊಣಕಾಲುದ್ದವಾಗಿ, ಕೊನೆಗೆ ಜೊಂಡಿನಲ್ಲಿ ಸೇರಿಹೋಗುತ್ತದೆ. ವೈಟ್‌ಫೀಲ್ಡ್ ಕಡೆಯಿಂದ ಭಾನುವಾರ ರಾಡು ಹಿಡಿದು ಬರುವ ಹುಡುಗರು ಕಾರು ನಿಲ್ಲಿಸುವುದು ಏರಿಯ ಮೇಲೆ, ಎಸೆಯುವುದೂ ಅಲ್ಲಿಂದಲೇ. ದೊಡ್ಡ ಮೀನು ಆಳದಲ್ಲಿರುತ್ತದೆ ಎನ್ನುವ ಮಾತು ಕಾಟ್ಲಾಗೆ ಸರಿ. ಕೊರಮೀನು ಇರುವುದು ಎದುರು ದಡದ ತೆಳುನೀರಿನಲ್ಲಿ, ಜೊಂಡಿನ ಸಂದಿಯಲ್ಲಿ. ನಡೆದು ಹೋಗೋಣವೆಂದರೆ ಕೆಸರು ಕಾಲು ಬಿಡುವುದಿಲ್ಲ. ಅದಕ್ಕೇ ತೆಪ್ಪ ಬೇಕು.

ಕೆಸರಿಗಿಂತ ದೊಡ್ಡ ಭಯ ಗುಂಡಿಗಳದ್ದು. ಇಟ್ಟಿಗೆ ಗೂಡುಗಳಿಗೆ ಮಣ್ಣು ಹೊಡೆದ ಕೆರೆಗಳು ನಮ್ಮ ಕಡೆ ಬೇಕಾದಷ್ಟಿವೆ. ಸೊಂಟದುದ್ದ ನೀರಿನಲ್ಲಿ ನಿಂತವನು ಇನ್ನೊಂದು ಹೆಜ್ಜೆಗೆ ಆಳು ಮುಳುಗುವ ಗುಂಡಿಗೆ ಬೀಳಬಹುದು. ಈಜು ಬಂದರೂ ಅಂತರಗಂಗೆಯ ಬೇರು ಕಾಲಿಗೆ ಸುತ್ತಿಕೊಂಡರೆ ಈಜು ನಡೆಯುವುದಿಲ್ಲ. ಲೈಫ್ ಜಾಕೆಟ್ ಇಲ್ಲದವರನ್ನು ನಾನು ತೆಪ್ಪಕ್ಕೆ ಹತ್ತಿಸುವುದಿಲ್ಲ, ನೆಂಟರಾದರೂ ಅಷ್ಟೆ. ಕೋಡಿ ಬೀಳುವಾಗ, ತೂಬು ಎತ್ತಿದಾಗ ಆ ಕಡೆ ತಲೆ ಹಾಕುವುದೂ ಇಲ್ಲ.

ತೆಪ್ಪ ನಡೆಸುವುದನ್ನು ನನಗೆ ಕಲಿಸಿದವರು ಊರಿನ ಒಬ್ಬ ಹಿರಿಯರು. ಅವರನ್ನು ನಾವೆಲ್ಲ ತಾತ ಎಂದೇ ಕರೆಯುತ್ತೇವೆ. ಅವರ ಕಾಲದಲ್ಲಿ ಬಿದಿರು ಹೆಣೆದು, ಮೇಲೆ ಚರ್ಮ ಹೊದಿಸುತ್ತಿದ್ದರಂತೆ. ಆಮೇಲೆ ಗೋಣಿ, ಟಾರ್ಪಾಲು, ಡಾಂಬರು ಬಂತು, ಈಗ ಫೈಬರ್. ಗುಂಡಗಿರುವ ತೆಪ್ಪಕ್ಕೆ ಮುಂದು ಹಿಂದು ಅನ್ನುವುದೇ ಇಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ನಿಂತಲ್ಲೇ ತಿರುಗುತ್ತದೆ. ಹೋಗಬೇಕಾದ ಕಡೆಗೆ ಮುಖ ಮಾಡಿ ಕೂತು, ಹುಟ್ಟನ್ನು ಎದುರಿಗೆ ಇಳಿಸಿ, ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತನ್ನತ್ತ ಎಳೆದುಕೊಳ್ಳಬೇಕು. ಹುಟ್ಟು ಅಂಚಿಗೆ ತಾಗಬಾರದು. ಒಂದು ಸಲ ‘ಟಕ್’ ಎಂದರೆ ಆ ಜೊಂಡಿನಲ್ಲಿ ಆ ಬೆಳಗಿನ ಕೆಲಸ ಮುಗಿದಂತೆ. “ನೀರ್ ನೋಡಪ್ಪ ಮೊದ್ಲು, ಗಾಳ ಎಲ್ಲೂ ಓಡೋಗಲ್ಲ” ಅನ್ನುವುದು ತಾತನ ಮಾತು.

ನೀರು ನೋಡುವುದೆಂದರೆ ಇಷ್ಟು. ಕೊರಮೀನು ಕಿವಿರಿನಿಂದಷ್ಟೇ ಬದುಕುವ ಮೀನಲ್ಲ. ತಲೆಯೊಳಗೆ ಗಾಳಿ ಹಿಡಿಯುವ ಗೂಡೊಂದಿದೆ. ಆಗಾಗ ಮೇಲೆ ಬಂದು ಗಾಳಿ ನುಂಗದೆ ಅದಕ್ಕೆ ವಿಧಿಯಿಲ್ಲ. ಜಿಲೇಬಿ ಮೀನು ಮೇಲೆ ಬಂದರೆ ಪುಟ್ಟ ಪುಟ್ಟ ಸುಳಿಗಳು ಗುಂಪಾಗಿ ಏಳುತ್ತವೆ. ಕೊರಮೀನು ಬಂದರೆ ಒಂದೇ ಗುಟುಕು, ‘ಬುಳಕ್’ ಎಂಬ ಒಂದು ದಪ್ಪ ಸದ್ದು, ಪಕ್ಕದ ಜೊಂಡಿನ ಕಡ್ಡಿ ಒಂದು ಸಲ ಅಲುಗಿ ಸುಮ್ಮನಾಗುತ್ತದೆ. ಗಾಳಿಯಿಲ್ಲದ ಬೆಳಗ್ಗೆ ಕಲ್ಲು ಕಟ್ಟಿದ ಹಗ್ಗ ಇಳಿಸಿ ತೆಪ್ಪ ನಿಲ್ಲಿಸಿಕೊಂಡು ಈ ಗುಟುಕಿಗೆ ಕಾಯುವುದೇ ಅರ್ಧ ಮೀನುಗಾರಿಕೆ. ಒಮ್ಮೆ ಎದ್ದ ಜಾಗದ ಆಸುಪಾಸಿನಲ್ಲೇ ಅದು ಮತ್ತೆ ಏಳುತ್ತದೆ.

ಈಗ ನಾವು ಬಳಸುವ ರಬ್ಬರ್ ಕಪ್ಪೆ ಹುಟ್ಟಿದ್ದು ಅಮೆರಿಕದ ಬಾಸ್ ಮೀನಿಗಾಗಿ. ಹಿಂದೆ ಇಲ್ಲಿ ಜೀವಂತ ಕಪ್ಪೆಯನ್ನೇ ಗಾಳಕ್ಕೆ ಚುಚ್ಚುತ್ತಿದ್ದರು. ಅದು ನಿಂತಿದ್ದು ನನಗೆ ಸಮಾಧಾನ. ಟೊಳ್ಳು ರಬ್ಬರಿನ ಬೆನ್ನಿಗೆ ಅಂಟಿಕೊಂಡು ಎರಡು ಕೊಕ್ಕೆ ಮೇಲ್ಮುಖವಾಗಿರುವುದರಿಂದ ಕಳೆಯ ಮೇಲೆ ಎಳೆದರೂ ಸಿಕ್ಕಿಕೊಳ್ಳದು. ಟೆಕ್ಸಾಸಿನಲ್ಲಿರುವ ನನ್ನ ಭಾವಮೈದ ಅಲ್ಲಿನ ಕೆರೆಯೊಂದರಲ್ಲಿ ಸಣ್ಣ ದೋಣಿಯಿಂದ ಬಾಸ್ ಹಿಡಿಯುತ್ತಾನೆ. ಅವನೂ ನಾನೂ ಫೋನಿನಲ್ಲಿ ಮಾತಿಗೆ ಕೂತರೆ ಎರಡು ಮೀನುಗಳ ಸ್ವಭಾವ ಎಷ್ಟು ಹತ್ತಿರ ಎಂದು ಆಶ್ಚರ್ಯವಾಗುತ್ತದೆ. ಎರಡೂ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಹೊಂಚು ಹಾಕುವುದೇ ಹೆಚ್ಚು. ಎರಡಕ್ಕೂ ನೆರಳು ಬೇಕು, ಅಂಚು ಬೇಕು. ಅಲ್ಲಿ ಬಾಸ್ ಹಿಡಿಯುವುದು ದೊಡ್ಡ ಕ್ರೀಡೆ. 1932ರಲ್ಲಿ ಜಾರ್ಜಿಯಾದ ಮಾಂಟ್‌ಗೊಮೆರಿ ಕೆರೆಯಲ್ಲಿ ಜಾರ್ಜ್ ಪೆರ್ರಿ ಎಂಬಾತ ಹಿಡಿದ ಹತ್ತು ಕಿಲೋ ತೂಕದ ಮೀನಿನ ದಾಖಲೆಗೆ ಸಮನಾದದ್ದು ಸಿಕ್ಕಿದ್ದು 2009ರಲ್ಲಿ, ಅದೂ ಜಪಾನಿನ ಬಿವಾ ಸರೋವರದಲ್ಲಿ. ನಮ್ಮ ಕಡೆ ಕೊರಮೀನಿಗೆ ಅಂಥ ಲೆಕ್ಕ ಇಡುವವರನ್ನು ನಾನು ಕಂಡಿಲ್ಲ. ಮಾರುಕಟ್ಟೆಯಲ್ಲಿ ಮಾತ್ರ ಅದು ಜೀವಂತವಾಗಿಯೇ ತೂಗಿ ಮಾರಾಟವಾಗುತ್ತದೆ, ಬೆಲೆಯೂ ಮೇಲೆಯೇ.

ಕಪ್ಪೆಯನ್ನು ಗುಟುಕು ಕಂಡ ಜಾಗದ ಮೇಲೆಯೇ ಬೀಳಿಸಬಾರದು. ಎರಡು ಮಾರು ಆಚೆ, ಅಂತರಗಂಗೆಯ ಎಲೆಯ ಮೇಲೆ ಹಾಕಿ, ಅಲ್ಲಿಂದ ನೀರಿಗೆ ಜಾರಿಸಬೇಕು. ಸ್ವಲ್ಪ ಎಳೆ, ನಿಲ್ಲಿಸು, ಮತ್ತೆ ಎಳೆ. ಕಪ್ಪೆಯ ಹಿಂದೆ ನೀರು ಒಂದು ಗೆರೆಯಾಗಿ ಉಬ್ಬಿ ಬರುವುದು ಕಂಡರೆ ಕೈ ತಾನಾಗಿ ಜೋರು ಮಾಡುತ್ತದೆ. ಮಾಡಬಾರದು, ಅದೇ ಲಯದಲ್ಲಿ ಎಳೆಯುತ್ತಿರಬೇಕು. ಆಮೇಲೆ ನೀರು ಒಡೆಯುತ್ತದೆ. ಕಪ್ಪೆ ಕಾಣೆಯಾದ ಕೂಡಲೇ ರಾಡು ಎತ್ತಿದರೆ ಬರಿಯ ರಬ್ಬರು ಮುಖಕ್ಕೆ ಹಾರಿ ಬರುತ್ತದೆ, ಏಕೆಂದರೆ ಮೀನು ಮೊದಲು ಹಲ್ಲಿನಲ್ಲಿ ಕಚ್ಚಿ ಹಿಡಿದು, ತಿರುಗಿ ಕೆಳಗೆ ಹೋಗುವಾಗ ಬಾಯೊಳಗೆ ಎಳೆದುಕೊಳ್ಳುತ್ತದೆ. ದಾರ ಬಿಗಿಯಾಗುವವರೆಗೆ ತಡೆದು, ಆಗ ಹೊಡೆಯಬೇಕು. ಹೊಡೆದ ಮೇಲೆ ತೆಪ್ಪವೇ ಮೀನಿನ ಕಡೆಗೆ ಸರಿಯುತ್ತದೆ, ಸರಿಯುತ್ತಲೇ ತಿರುಗುತ್ತದೆ ಕೂಡ. ಜೊತೆಗೊಬ್ಬರು ಹುಟ್ಟು ಹಿಡಿದು ಜೊಂಡಿನಿಂದ ಹೊರಕ್ಕೆ ಎಳೆಯದಿದ್ದರೆ ಮೀನು ಬೇರುಗಳೊಳಗೆ ಹೊಕ್ಕುಬಿಡುತ್ತದೆ. ಒಂಟಿಯಾಗಿ ಹೋಗಬಾರದೆನ್ನಲು ಅದೂ ಒಂದು ಕಾರಣ.

ಕೆರೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಕೆಲವು ಕಡೆ ಪಂಚಾಯ್ತಿಯಿಂದ, ಕೆಲವು ಕಡೆ ಮೀನುಗಾರಿಕೆ ಇಲಾಖೆಯಿಂದ. ಗುತ್ತಿಗೆದಾರರು ಮರಿ ಬಿಟ್ಟಿರುವುದು ಕಾಟ್ಲಾ, ರೋಹು, ಗೆಂಡೆ. ಕೊರಮೀನನ್ನು ನಮ್ಮ ಕೆರೆಗಳಲ್ಲಿ ಯಾರೂ ಬಿಟ್ಟಿಲ್ಲ, ಅದು ಕೆರೆಯದೇ. ಆದರೂ ಅವರನ್ನು ಕೇಳಿಯೇ ತೆಪ್ಪ ಇಳಿಸುವುದು ಮರ್ಯಾದೆ.

ಮಳೆಗಾಲದಲ್ಲಿ ನಾನು ಪಾಲಿಸುವ ಒಂದು ಕಟ್ಟು ಇದೆ. ಹೊಸ ನೀರು ಬಂದ ಮೇಲೆ ತೆಳುನೀರಿನಲ್ಲಿ ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ ಮರಿಗಳ ಉಂಡೆ ಕಾಣುತ್ತದೆ. ಸಾವಿರಾರು ಮರಿಗಳು ಒಟ್ಟಾಗಿ ಮೇಲೆದ್ದು ಗಾಳಿ ಕುಡಿದು ಮತ್ತೆ ಇಳಿಯುವಾಗ ನೀರು ಕುದಿಯುವಂತೆ ಕೇಳಿಸುತ್ತದೆ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ, ಹತ್ತಿರ ಬಂದ ಯಾವುದನ್ನಾದರೂ ಕಚ್ಚುತ್ತವೆ. ಆ ಉಂಡೆಯ ಮೇಲೆ ಕಪ್ಪೆ ಎಳೆದರೆ ಮೀನು ಸಿಗುವುದು ಖಂಡಿತ. ಹಿಡಿದದ್ದೇ ಆದರೆ ಸಂಜೆಯೊಳಗೆ ಮರಿಗಳು ಬೇರೆ ಮೀನುಗಳ ಹೊಟ್ಟೆ ಸೇರುತ್ತವೆ. ಇದನ್ನು ಜಾಣತನವೆಂದು ವೀಡಿಯೊ ಮಾಡಿ ತೋರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಮ್ಮ ಕೆರೆಗೂ ಅಂಥ ಬಿಡುವು ಬೇಕು. ಮರಿಗಳು ಚದುರಿ ಬಣ್ಣ ಬದಲಿಸುವವರೆಗೆ ನಮ್ಮ ತೆಪ್ಪ ಮನೆಯ ಹಿಂದೆ ಬೋರಲು ಬಿದ್ದಿರುತ್ತದೆ.

ಕೊರಮೀನು ಇದೆಯೆಂದ ಮಾತ್ರಕ್ಕೆ ನೀರು ಚೆನ್ನಾಗಿದೆ ಎಂದಲ್ಲ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬಹುದು. ನೀರಿನಲ್ಲಿ ಆಮ್ಲಜನಕ ಕುಸಿದರೆ ಗೆಂಡೆ ಜಾತಿಯ ಮೀನುಗಳು ಮೊದಲು ಹೋಗುತ್ತವೆ. ಗಾಳಿ ನುಂಗುವ ಕೊರಮೀನು ಉಳಿದುಕೊಳ್ಳುತ್ತದೆ. ಹಿಂದೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗಲೂ ಹಸಿ ಕೆಸರಿನೊಳಗೆ ಹುದುಗಿ ಮಳೆಗೆ ಕಾಯುತ್ತಿತ್ತು. ಬರವನ್ನೂ ಕೊಳಕನ್ನೂ ತಡೆದುಕೊಂಡ ಈ ಮೀನಿಗೆ ತಡೆಯಲಾಗದ್ದು ಒಂದೇ, ತೆಳುನೀರಿನ ದಡ ಇಲ್ಲವಾಗುವುದು.

ಅದೇ ಈಗ ಆಗುತ್ತಿದೆ. ಕೆರೆ ಅಭಿವೃದ್ಧಿ ಎಂದು ಜೆಸಿಬಿ ಇಳಿಸಿ ಸುತ್ತಲೂ ಒಂದೇ ಆಳಕ್ಕೆ ತೋಡಿ, ದಡಕ್ಕೆ ಕಲ್ಲು ಕಟ್ಟಿ, ಮೇಲೆ ನಡೆದಾಡುವ ಹಾದಿ ಮಾಡುತ್ತಾರೆ. ಕೆರೆ ಬೋಗುಣಿಯಾಗುತ್ತದೆ. ನೀರು ಹೆಚ್ಚು ನಿಲ್ಲುತ್ತದೆ, ನಿಜ. ಜೊಂಡು ಹೋಗುತ್ತದೆ, ಜೊಂಡಿನ ಜೊತೆ ಕಪ್ಪೆ, ನೀರುಕೋಳಿ, ಕೊರಮೀನು ಎಲ್ಲ ಹೋಗುತ್ತವೆ. ಹೂಳು ತೆಗೆಯಬೇಡಿ ಎಂದು ನಾನು ಹೇಳುವುದಿಲ್ಲ. ಅಂತರ್ಜಲ ಪಾತಾಳಕ್ಕಿಳಿದ ಹೊಸಕೋಟೆ ತಾಲ್ಲೂಕಿನಲ್ಲಿ ಹಾಗೆ ಹೇಳುವ ಧೈರ್ಯ ಯಾವ ರೈತನಿಗೂ ಬಾರದು. ಏರಿ ಕಡೆಯ ಹೂಳು ತೆಗೆಯಿರಿ, ನೀರು ಒಳಬರುವ ಕಾಲುವೆಯ ಕಡೆಯ ಇಳಿಜಾರನ್ನು ಮುಟ್ಟಬೇಡಿ ಎನ್ನುವುದಷ್ಟೇ ನಮ್ಮ ಬೇಡಿಕೆ.

ಬಾಯಲ್ಲಿ ಹೇಳಿದ್ದು ಕಡತಕ್ಕೆ ಹೋಗುವುದಿಲ್ಲ. ಆದ್ದರಿಂದ ತಾತನೂ ನಾನೂ ಬಿದಿರು ಗಳುವಿಗೆ ಅಡಿಯ ಗುರುತು ಹಾಕಿಕೊಂಡು, ತೆಪ್ಪದಲ್ಲಿ ಸುತ್ತಿ ಆಳ ಅಳೆಯುತ್ತಿದ್ದೇವೆ. ಎಲ್ಲಿ ಜೊಂಡು, ಎಲ್ಲಿ ಇಟ್ಟಿಗೆ ಮಣ್ಣಿನ ಗುಂಡಿ, ಮಳೆಗಾಲದಲ್ಲಿ ಮರಿ ಉಂಡೆ ಎಲ್ಲೆಲ್ಲಿ ಕಂಡಿತ್ತು ಎಂದು ನನ್ನ ಮಗಳು ಕಾಗದದ ಮೇಲೆ ಬರೆದುಕೊಳ್ಳುತ್ತಾಳೆ. ಮುಂದಿನ ಗ್ರಾಮಸಭೆಗೆ ಆ ನಕ್ಷೆ ಕೊಡುತ್ತೇವೆ. ಹೋಬಳಿಯ ಬೇರೆ ಊರಿನವರು ತಮ್ಮ ಕೆರೆಯದನ್ನೂ ಹೀಗೆ ಅಳೆಯುವುದಾದರೆ ಟೆಂಡರ್ ಕರೆಯುವ ಮೊದಲೇ ಅಳೆಯಬೇಕು. ತೆಪ್ಪ ಬೇಕಿದ್ದರೆ ನಮ್ಮದನ್ನೇ ತೆಗೆದುಕೊಂಡು ಹೋಗಬಹುದು.