ಅಂಟಿಸುವ ಮುನ್ನ ಅಕ್ಷರ ನೋಡು

ತಮ್ಮಾ, ನವಿಲುತೀರ್ಥದ ದಾರಿಯಲ್ಲಿ ನೀನು ಆನ್‌ಲೈನ್ ಸೆಂಟರ್ ಹಾಕಿದ್ದು ಕೇಳಿ ಬಹಳ ಸಂತೋಷವಾಯಿತು. ಒಂದು ಅರ್ಜಿ ಹಾಕಲು ಮುನವಳ್ಳಿಗೋ ಸವದತ್ತಿಗೋ ಬಸ್ಸು ಹತ್ತುತ್ತಿದ್ದ ಮಂದಿಗೆ ಅನುಕೂಲವಾಯಿತು. ಮುದ್ರಣದ ಕೆಲಸದಲ್ಲೇ ತಲೆ ಹಣ್ಣಾದವನು ನಾನು, ಅದಕ್ಕೇ ನಾಲ್ಕು ಮಾತು ಹೇಳುತ್ತೇನೆ. ನಿನ್ನ ಅಂಗಡಿಯಲ್ಲಿ ಟೈಪ್ ಮಾಡುವುದಕ್ಕಿಂತ ಹೆಚ್ಚು ನಡೆಯುವುದು ಕಾಪಿ-ಪೇಸ್ಟ್. ವಾಟ್ಸ್‌ಆ್ಯಪ್‌ನಲ್ಲಿ ಬಂದ ಹೆಸರುಗಳು ಲಗ್ನಪತ್ರಿಕೆಗೆ, ಪಹಣಿಯ ಸರ್ವೆ ನಂಬರು ಅರ್ಜಿಗೆ, ಸಂಘದ ಸದಸ್ಯರ ಖಾತೆ ಸಂಖ್ಯೆಗಳು ಎಕ್ಸೆಲ್ ಪಟ್ಟಿಗೆ. ಅದು ಕೈಕೊಟ್ಟಾಗ ಸಿಟ್ಟಿನಿಂದ ಕೀಲಿ ಕುಟ್ಟಬೇಡ. ಪರದೆಯ ಮೇಲೆ ಏನು ಬಂತು, ಏನು ಬರಲಿಲ್ಲ ಎಂದು ನೋಡು. ತಪ್ಪು ಎಲ್ಲಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಏನೂ ಬರದಿದ್ದರೆ ಮೊದಲು ನೋಟ್‌ಪ್ಯಾಡ್ ತೆರೆ. ಅಲ್ಲಿ ಎರಡು ಪದ ಬರೆದು, ಮೌಸಿನ ಬಲಗುಂಡಿಯಿಂದ ಕಾಪಿ ಮಾಡಿ, ಅಲ್ಲೇ ಪೇಸ್ಟ್ ಮಾಡು. ಆಮೇಲೆ ಅದನ್ನೇ ಕಂಟ್ರೋಲ್-ಸಿ, ಕಂಟ್ರೋಲ್-ವಿ ಕೀಲಿಗಳಿಂದ ಮಾಡಿ ನೋಡು. ಮೌಸಿನಿಂದ ಬಂದು ಕೀಲಿಯಿಂದ ಬರದಿದ್ದರೆ ಆ ಕೀಲಿಗಳಲ್ಲಿ ಯಾವುದೋ ಒಂದು ಸವೆದಿರಬಹುದು. ಎರಡರಿಂದಲೂ ಬಂದರೆ ಕಂಪ್ಯೂಟರ್ ಸರಿಯಾಗಿದೆ, ತಕರಾರು ನೀನು ಕಾಪಿ ಮಾಡುತ್ತಿದ್ದ ಜಾಗದ್ದು. ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಇರುವುದು ಬರೀ ಚಿತ್ರ, ಅಕ್ಷರ ಇಲ್ಲವೇ ಇಲ್ಲ. ಅದನ್ನು ಗೂಗಲ್ ಲೆನ್ಸ್‌ನಂಥ ಓದುವ ಸಾಧನದಿಂದ ಅಕ್ಷರವಾಗಿಸಿಕೊಳ್ಳಬೇಕು. ಬ್ಯಾಂಕಿನ ಕೆಲವು ಪುಟಗಳಲ್ಲಿ ಖಾತೆ ಸಂಖ್ಯೆಯನ್ನು ಎರಡನೇ ಸಲ ಕೇಳುವ ಜಾಗದಲ್ಲಿ ಪೇಸ್ಟ್ ಆಗದಂತೆ ಬೇಕೆಂದೇ ತಡೆದಿರುತ್ತಾರೆ. ಅಲ್ಲಿ ಪಾಸ್‌ಬುಕ್ ನೋಡಿ ಕೈಯಾರೆ ಒತ್ತು, ಅದು ಗಿರಾಕಿಯ ಒಳಿತಿಗೇ ಇರುವ ತಡೆ. ನೋಟ್‌ಪ್ಯಾಡಿನಲ್ಲೂ ಎರಡೂ ಬಗೆಯಿಂದ ಬರದಿದ್ದರೆ ಕೆಲಸ ಸೇವ್ ಮಾಡಿ ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡು. ಕಾಪಿ ಮಾಡಿದ್ದು ತಾತ್ಕಾಲಿಕ ನೆನಪಿನಲ್ಲಷ್ಟೇ ಇರುತ್ತದೆ, ಕರೆಂಟು ಹೋದರೆ ಅದೂ ಹೋಯಿತು. ಆದ್ದರಿಂದ ದೊಡ್ಡ ಬರಹವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವಾಗ ಕಟ್ ಮಾಡಬೇಡ, ಕಾಪಿ ಮಾಡು. ಹೊಸ ಜಾಗದಲ್ಲಿ ಕೂತು ಸೇವ್ ಆದಮೇಲೆ ಹಳೆಯದನ್ನು ಅಳಿಸು.

ಇವೆಲ್ಲ ಸಣ್ಣವು. ನಮ್ಮ ಕಡೆಯ ಅಂಗಡಿಗಳಲ್ಲಿ ಹೊತ್ತು ತಿನ್ನುವುದು ಕನ್ನಡದ ಪೇಸ್ಟ್. ಅದನ್ನು ಬುಡದಿಂದ ತಿಳಿದುಕೋ.

ಕನ್ನಡಕ್ಕೆ ಯುನಿಕೋಡ್‌ನಲ್ಲಿ 1991ರಲ್ಲೇ 128 ಸಂಕೇತಗಳ ಜಾಗ ಸಿಕ್ಕಿತ್ತು. ಆದರೆ ನಾವು ಬಳಸುವ ಯಂತ್ರಗಳಿಗೆ ಅದು ಬರಲು ತಡವಾಯಿತು. ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದದ್ದು 2001ರಲ್ಲಿ. ಅಷ್ಟರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲೇ ಬಂದಿತ್ತು, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಸರ್ಕಾರಿ ಕಚೇರಿಗಳನ್ನು ತುಂಬಿತು. ಕೆ.ಪಿ. ರಾವ್ ಅವರ ಕೀಲಿಮಣೆಯಿಂದ ಸಾವಿರಾರು ಜನ ಕನ್ನಡ ಟೈಪಿಂಗ್ ಕಲಿತರು. ಅವರೆಲ್ಲರ ಋಣ ನಮ್ಮ ಮೇಲಿದೆ. ಆದರೆ ಆ ಕಾಲದ ಫೈಲುಗಳಲ್ಲಿ ಒಳಗೆ ಉಳಿಯುತ್ತಿದ್ದುದು ರೋಮನ್ ಲಿಪಿಯ ಸಂಕೇತಗಳು. ಆ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರ ಬಿಡಿಸಿದ ಫಾಂಟ್ ಹಾಕಿದಾಗ ಮಾತ್ರ ಕಣ್ಣಿಗೆ ಕನ್ನಡ ಕಾಣುತ್ತಿತ್ತು. ಸಣ್ಣಾಟದವನು ಬಣ್ಣ ತೊಳೆದುಕೊಂಡರೆ ರಾಜ ಹೋಗಿ ಊರಿನ ಪರಿಚಯದವನೇ ಉಳಿಯುವಂತೆ, ಫಾಂಟ್ ಇಲ್ಲದ ಕಡೆ ಆ ಬರಹ ತನ್ನ ಮೂಲರೂಪಕ್ಕೆ ಬರುತ್ತದೆ.

ಈಗ ನಾಲ್ಕು ಬಗೆ ನೋಡು. ಹಳೆಯ ನುಡಿ ಫೈಲಿನಿಂದ ವಾಟ್ಸ್‌ಆ್ಯಪ್‌ಗೆ ಹಾಕಿದಾಗ ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳು ಬಂದರೆ ಗಾಬರಿ ಬೇಡ, ಬರಹ ಪೂರ್ತಿ ಉಳಿದಿದೆ. ವರ್ಡ್‌ನಲ್ಲಿ ಅದೇ ನುಡಿ ಫಾಂಟ್ ಕೊಟ್ಟರೆ ಕನ್ನಡ ಮರಳುತ್ತದೆ, ಬೇರೆಡೆಗೆ ಕಳಿಸಬೇಕೆಂದರೆ ಪರಿವರ್ತಕದಿಂದ ಯುನಿಕೋಡ್ ಮಾಡಿಕೋ. ಸಾಲುಸಾಲು ಚೌಕಗಳು ಬಂದರೂ ಹೆದರಬೇಡ, ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ ಅಷ್ಟೇ. ಆದರೆ ಪೇಜ್‌ಮೇಕರ್‌ಗೆ ಯುನಿಕೋಡ್ ಬರಹ ಅಂಟಿಸಿದಾಗ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವಲ್ಲ, ಅಲ್ಲಿ ಅಕ್ಷರಗಳು ಹೋದವು ಎಂದೇ ತಿಳಿ. ಯಾವ ಫಾಂಟೂ ಅವನ್ನು ತಿರುಗಿ ತರಲಾರದು. ಅದನ್ನು ಸೇವ್ ಮಾಡದೆ ಹೊರಗೆ ಬಾ, ಮೂಲ ಸಂದೇಶಕ್ಕೆ ಹೋಗು, ಅದನ್ನು ನುಡಿಯ ಹಳೆಯ ಸಂಕೇತಕ್ಕೆ ಪರಿವರ್ತಿಸಿ ಆಮೇಲೆ ಅಂಟಿಸು. ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಬೇರೆಬೇರೆಯಾಗಿ ನಿಂತರೆ ಬರಹ ಸರಿಯಾಗಿಯೇ ಇರುತ್ತದೆ, ಪ್ಯಾರಾಗ್ರಾಫಿಗೆ ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಳ್ಳಬೇಕು.

ಪರಿವರ್ತಕವನ್ನು ಕಣ್ಣು ಮುಚ್ಚಿ ನಂಬಬೇಡ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಇಡುತ್ತಿದ್ದೆವು, ಯುನಿಕೋಡ್‌ನಲ್ಲಿ ರ್ ಮೊದಲು ಬರುತ್ತದೆ. ಈ ಹಿಂದುಮುಂದಿನಲ್ಲಿ ಎಡವಟ್ಟಾಗುವುದುಂಟು. ಪರೀಕ್ಷೆಗೆ ದೂರ ಹೋಗಬೇಕಿಲ್ಲ: ನವಿಲುತೀರ್ಥ, ರಾಮದುರ್ಗ, ಮಲ್ಲಿಕಾರ್ಜುನ, ದುರ್ಗವ್ವ. ಈ ನಾಲ್ಕು ಸರಿಯಾಗಿ ಬಂದವೇ ನೋಡು. ಕನ್ನಡದ ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡವೆಂದು ತಿಳಿದು ಪರಿವರ್ತಕ ಅರ್ಥವಿಲ್ಲದ ಅಕ್ಷರ ಕೊಟ್ಟೀತು. ಲಗ್ನಪತ್ರಿಕೆಯಲ್ಲಿ ತಪ್ಪಾದರೆ ಬೀಗರ ಮುಂದೆ ಮುಜುಗರ, ಅಷ್ಟಕ್ಕೇ ಮುಗಿದೀತು. ಆದರೆ ಮಲಪ್ರಭೆಯ ಅಣೆಕಟ್ಟಿಗೆ ಹೊಲ ಮನೆ ಬಿಟ್ಟುಕೊಟ್ಟವರ ಮೊಮ್ಮಕ್ಕಳು ನಿರಾಶ್ರಿತರ ಪ್ರಮಾಣಪತ್ರ ಹಿಡಿದು ನಿನ್ನ ಬಳಿ ಬರುತ್ತಾರೆ. ಅಜ್ಜನ ಹೆಸರಿನಲ್ಲಿ ಒಂದು ಒತ್ತು ಬದಲಾದರೂ ಆ ಹುಡುಗ ಕಚೇರಿ ಕಚೇರಿ ಅಲೆಯಬೇಕು. ಅಂಥ ಹೆಸರನ್ನು ಅಂಟಿಸಿದ ಮೇಲೆ ಕಾಗದದೊಂದಿಗೆ ಅಕ್ಷರಕ್ಕಕ್ಷರ ತಾಳೆ ನೋಡು. ಅವರಿಗೂ ಗಟ್ಟಿಯಾಗಿ ಓದಿ ಹೇಳು.

ಅಂಕೆಗಳಲ್ಲಿ ಮೋಸ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಹೆಚ್ಚು ಅಪಾಯ. ಎಕ್ಸೆಲ್ 15 ಅಂಕೆಗಳವರೆಗೆ ಮಾತ್ರ ಸಂಖ್ಯೆಯನ್ನು ಸರಿಯಾಗಿ ಹಿಡಿಯುತ್ತದೆ. 16 ಅಂಕೆಯ ಖಾತೆ ಸಂಖ್ಯೆ ಅಂಟಿಸಿದರೆ ಕೊನೆಯದನ್ನು ಸೊನ್ನೆ ಮಾಡಿಬಿಡುತ್ತದೆ. ಸಂಖ್ಯೆಯ ಆರಂಭದಲ್ಲಿರುವ ಸೊನ್ನೆಗಳನ್ನು ನುಂಗುತ್ತದೆ. 12 ಅಂಕೆಯ ಆಧಾರ್ ಸಂಖ್ಯೆಯನ್ನು ಚುಕ್ಕಿ ಇಟ್ಟು, ನಡುವೆ ‘ಇ’ ಹಾಕಿ ಕುಗ್ಗಿಸಿ ತೋರಿಸುತ್ತದೆ. ಅಂಟಿಸುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಮಾಡಿಟ್ಟು, ಪೇಸ್ಟ್ ಸ್ಪೆಶಲ್‌ನಿಂದ ಟೆಕ್ಸ್ಟ್ ಆಗಿಯೇ ಹಾಕು. ಐಎಫ್‌ಎಸ್‌ಸಿ ಕೋಡಿನ 11ರಲ್ಲಿ ಐದನೆಯದು ಸೊನ್ನೆ, ಅಲ್ಲಿ ‘ಓ’ ಅಕ್ಷರ ಕೂತಿದ್ದರೆ ಹಣ ಹೋಗದು. ಸರಿಯಾಗಿ ಕಾಣುವ ನಂಬರನ್ನು ಪೋರ್ಟಲ್ ಒಪ್ಪುತ್ತಿಲ್ಲವೆಂದರೆ ಕೊನೆಯಲ್ಲಿ ಕಾಣದ ಖಾಲಿ ಜಾಗ ಅಂಟಿಕೊಂಡಿದೆಯೇ, ಕನ್ನಡ ಅಂಕೆ ಬಂದಿದೆಯೇ ನೋಡು. ಬಣ್ಣ, ದಪ್ಪ, ಬೇರೆ ಗಾತ್ರ ಎಲ್ಲ ಜೊತೆಗೆ ಬಂದು ಕಾಡುವಾಗ ಮೊದಲು ನೋಟ್‌ಪ್ಯಾಡಿಗೆ ಹಾಕಿ ಅಲ್ಲಿಂದ ಮತ್ತೆ ಕಾಪಿ ಮಾಡಿದರೆ ಬರೀ ಅಕ್ಷರ ಸಿಗುತ್ತದೆ.

ಇನ್ನೊಂದು ಮಾತನ್ನು ಮರೆಯದೆ ಪಾಲಿಸು. 2018ರಿಂದ ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ ಮತ್ತು ‘ವಿ’ ಒತ್ತಿದರೆ ಹಿಂದೆ ಕಾಪಿ ಮಾಡಿದ 25ರವರೆಗಿನ ತುಣುಕುಗಳು ಕಾಣುವ ಸೌಲಭ್ಯವಿದೆ. ಮನೆಯ ಯಂತ್ರದಲ್ಲಿ ಅದು ದೊಡ್ಡ ಅನುಕೂಲ. ನಿನ್ನ ಅಂಗಡಿಯಲ್ಲಿ ಮಾತ್ರ ಅದನ್ನು ಆಫ್ ಮಾಡಿಡು, ಆನ್ ಇಟ್ಟರೆ ಪ್ರತಿ ಗಿರಾಕಿ ಎದ್ದ ಕೂಡಲೇ ಕ್ಲಿಯರ್ ಮಾಡು. ಬೆಳಿಗ್ಗೆ ಬಂದ ಅವ್ವನ ಆಧಾರ್ ನಂಬರು ಮಧ್ಯಾಹ್ನ ಬಂದವನ ಕಣ್ಣಿಗೆ ಬೀಳಬಾರದು. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಜನ ಹರಿದುಬರುವಾಗ ನಿನ್ನ ಕುರ್ಚಿಯಲ್ಲಿ ಯಾರ‍್ಯಾರೋ ಕೂರುತ್ತಾರೆ, ಆಗ ಇನ್ನೂ ಎಚ್ಚರವಿರಲಿ. ಮತ್ತೆ, ಯಾವುದಾದರೂ ಪುಟ ‘ನೀವು ಮನುಷ್ಯರೆಂದು ತೋರಿಸಲು ವಿಂಡೋಸ್ ಕೀಲಿ ಜೊತೆ ಆರ್ ಒತ್ತಿ, ಕಂಟ್ರೋಲ್-ವಿ ಒತ್ತಿ, ಎಂಟರ್ ಕೊಡಿ’ ಎಂದರೆ ಅಲ್ಲೇ ಪುಟ ಮುಚ್ಚು. ನಿನಗೆ ಗೊತ್ತಿಲ್ಲದಂತೆ ಕಳ್ಳರ ಆಜ್ಞೆಯೊಂದನ್ನು ಅದು ಆಗಲೇ ಕಾಪಿ ಮಾಡಿಟ್ಟಿರುತ್ತದೆ, ನೀನು ಅಂಟಿಸಿದರೆ ಅವರ ಕೆಲಸ ಆದಂತೆಯೇ.

ನನ್ನ ಹತ್ತಿರ ಜಾತ್ರೆಯ ಹ್ಯಾಂಡ್‌ಬಿಲ್ಲು, ಊರಿನ ಭಜನಾ ಮಂಡಳಿಗಳ ಪುಸ್ತಕಗಳು ನುಡಿಯಲ್ಲೇ ಉಳಿದಿವೆ. ಬರುವ ಭಾನುವಾರ ಪೆನ್‌ಡ್ರೈವ್‌ನಲ್ಲಿ ಫಾಂಟುಗಳ ಸಮೇತ ತಂದುಕೊಡುತ್ತೇನೆ. ಮೂಲವನ್ನು ಮುಟ್ಟಬೇಡ, ಇನ್ನೊಂದು ಪ್ರತಿ ಮಾಡಿಕೊಂಡು ಯುನಿಕೋಡ್‌ಗೆ ತಾ. ಅರ್ಕಾವತ್ತು ಇಬ್ಬರೂ ಕೂತು ತಿದ್ದೋಣ.