ಹಿರಿಯರಿಗೆ ಹಳೆಯ ಹಾಡಿನ ಆಸರೆ

ಮಕ್ಕಳು ಕೆಲಸಕ್ಕೆಂದು ಬೆಂಗಳೂರು ಸೇರಿದ ಮೇಲೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಹಿರಿಯರು ದಿನವಿಡೀ ಒಬ್ಬರೇ ಇರುತ್ತಾರೆ. ನಿದ್ರೆ ಬಾರದು, ಊಟ ಸೇರದು, ಮೈಕೈ ನೋವು ಎಂಬ ದೂರುಗಳ ಹಿಂದೆ ಅನೇಕ ವೇಳೆ ಒಂಟಿತನವೂ ಸೇರಿರುತ್ತದೆ. ಇದಕ್ಕೆ ಖರ್ಚಿಲ್ಲದ ಒಂದು ಉಪಾಯವೆಂದರೆ ವಾರಕ್ಕೊಮ್ಮೆ ಒಟ್ಟಿಗೆ ಕುಳಿತು ಹಳೆಯ ಚಿತ್ರಗೀತೆಗಳನ್ನು ಹಾಡುವುದು. ಊರಿನ ಭಜನೆ ಮಂದಿರವೇ ಇದಕ್ಕೆ ಸಾಕು.

ಪ್ರಯೋಜನವೇನು?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ 12 ಹಿರಿಯರ ಕೇಂದ್ರಗಳಲ್ಲಿ 390 ಮಂದಿಯನ್ನು ಕುರಿತು ಒಂದು ಅಧ್ಯಯನ ನಡೆಯಿತು. ಆರು ತಿಂಗಳು ಕೂಡಿ ಹಾಡಿದವರಲ್ಲಿ ಒಂಟಿತನ ತಗ್ಗಿ, ಬದುಕಿನಲ್ಲಿ ಆಸಕ್ತಿ ಹೆಚ್ಚಿತು. ಆದರೆ ಬುದ್ಧಿಶಕ್ತಿ, ಮೈಬಲಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಹಾಡು ಔಷಧಿಗೆ ಬದಲಿಯಲ್ಲ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಿಲ್ಲಿಸಬಾರದು.

ಹಳೆಯ ಹಾಡೇ ಏಕೆ?

ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಮನಸ್ಸಿನಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತವೆ. ಈಗ 75 ದಾಟಿದವರಿಗೆ ಅದು 1960, 70ರ ದಶಕಗಳ ಕಾಲ. ನಮ್ಮ ಭಾಗದಲ್ಲಿ ಮನೆಮಾತು ತೆಲುಗು, ಓದು ಕನ್ನಡವಾದವರು ಬಹಳ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಕನ್ನಡ ಹಾಡುಗಳ ಜೊತೆಗೆ ಘಂಟಸಾಲ, ಪಿ. ಸುಶೀಲ ಅವರ ತೆಲುಗು ಹಾಡುಗಳೂ ಇರಲಿ.

ಲಕ್ವ ಹೊಡೆದು ಮಾತು ಬಿದ್ದುಹೋದವರಲ್ಲಿ ಕೆಲವರು ಗೊತ್ತಿರುವ ಹಾಡನ್ನು ಪದಸಹಿತ ಹಾಡಬಲ್ಲರು. ಮಾತು ಹೆಚ್ಚಾಗಿ ಮೆದುಳಿನ ಎಡಭಾಗದ ಕೆಲಸ. ಹಾಡಿಗೆ ಬಲಭಾಗವೂ ನೆರವಾಗುತ್ತದೆ. ಅಂಥವರನ್ನು ಮೂಲೆಗೆ ಕೂರಿಸದೆ ಜೊತೆಗೆ ಕರೆತನ್ನಿ.

ಹೇಗೆ ನಡೆಸಬೇಕು?

1. ಮುಕ್ಕಾಲು ಗಂಟೆ ಸಾಕು. ಕತ್ತಲಾಗುವ ಮೊದಲೇ ಮುಗಿಸಿದರೆ ಮನೆಗೆ ಹೋಗುವಾಗ ಎಡವಿ ಬೀಳುವ ಭಯ ಕಡಿಮೆ.

2. ಶ್ರುತಿ ತಗ್ಗಿಸಿಕೊಳ್ಳಿ. ಮೂಲ ಗಾಯಕರ ಎತ್ತರಕ್ಕೆ ಹೋಗಿ ಗಂಟಲು, ಎದೆಗೆ ಶ್ರಮ ಕೊಡಬೇಡಿ. ಕುರ್ಚಿ, ಕುಡಿಯುವ ನೀರು ಹತ್ತಿರವಿರಲಿ.

3. ಹಾಡುಗಳನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಕಿವಿ ಮಂದವಾದವರನ್ನು ಮುಂದೆ ಕೂರಿಸಿ.

4. ರಾಗ ತಪ್ಪಿದರೆ ತಿದ್ದಬೇಡಿ, ನಗಬೇಡಿ. ಇದು ಸ್ಪರ್ಧೆಯಲ್ಲ.

ಎಚ್ಚರಿಕೆ

ಹಾಡುವಾಗ ಎದೆನೋವು, ತಲೆಸುತ್ತು, ಮಿತಿಮೀರಿದ ಏದುಸಿರು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಇತ್ತೀಚೆಗೆ ಕಣ್ಣು ಅಥವಾ ಹರ್ನಿಯಾ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿ ಹಾಡಬೇಕು. ಸ್ವರ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಗಂಟಲ ಪರೀಕ್ಷೆ ಅಗತ್ಯ.

ಪ್ರತಿವಾರ ಬರುತ್ತಿದ್ದವರು ಒಂದು ವಾರ ಕಾಣದಿದ್ದರೆ ಅವರ ಮನೆಗೆ ಹೋಗಿ ವಿಚಾರಿಸಿ. ಎರಡು ವಾರ ಕಳೆದರೂ ಬೇಸರ ಹೋಗದೆ ಊಟ, ನಿದ್ರೆ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ‘ವಯಸ್ಸಾಯಿತಲ್ಲ’ ಎಂದು ಸುಮ್ಮನಿರಬೇಡಿ. ಅದಕ್ಕೆ ಚಿಕಿತ್ಸೆ ಇದೆ.